ಒಂದಕ್ಕೆ ಎಂಬತ್ತೇಳು

ಗುಳಿಗಿ ಡಬ್ಬಿ ಕತ್ತರಿಸಿ ಸ್ಟೇಶನ್ ಮಾಡೀನಿ,
ವಾಡಿ ಜಂಕ್ಷನ್, ಒಂದಕ್ಕೆ ಎಂಬತ್ತೇಳರ ಅಳತಿ.
ಸೋಸಿದ ಚಹಾಪುಡಿ ಒಣಗಿಸಿ ನೆಲ.
ಭಾಂಡಿ ತಿಕ್ಕೋ ಹಸಿರು ಸ್ಕ್ರಬ್ಬರ್ ಹರದು
ಬೇವಿನ ಗಿಡ.
ಪ್ಲಾಟ್‌ಫಾರ್ಮ್ ಮಾತ್ರ ಖರೇ ಶಹಾಬಾದ್ ಫರಸಿ,
ಉಗುರಿನಷ್ಟು ಚಕ್ಕಿ.
ಕಲ್ಲಿಗೇನು ಗೊತ್ತು, ತಾನು ಸಣ್ಣದಾಗೀನಿ ಅಂತ?

‘ಸಿಮೆಂಟಿನ ಧೂಳು ಎಲ್ಲದ?’ ಅಂದ ಮೌಲಾಲಿ,
ಮೂವತ್ತು ವರ್ಷ ಪಾಯಿಂಟ್ಸ್‌ಮನ್ ಇದ್ದಾಂವ.
ಅಂಗೈಯಾಗ ಒಲಿ ಬೂದಿ ತಂದು
ಉಫ್ ಅಂತ ಊದಿದ.
ಬೇವು ಬೆಳ್ಳಗಾಯ್ತು,
ಆಗ ನಮ್ಮೂರು ಅನಿಸ್ತು.

ರೈಲು ಕೊಳ್ಳಾಕ ರೊಕ್ಕ ಇಲ್ಲ.
ಹಳಿ ಮಾತ್ರ ಹಾಸೀನಿ, ಛತ್ರಿಕಡ್ಡೀದು.

ಮುಂಜಾನೆ ಎದ್ದು ನೋಡ್ತೀನಿ:
ಚಹಾದಾಗ ಉಳಿದ ಸಕ್ಕರಿ ವಾಸನಿ ಹಿಡದು
ಇರುವಿ ಬಂದಾವ,
ಎರಡನೇ ಪ್ಲಾಟ್‌ಫಾರ್ಮಿನ ಮ್ಯಾಲ ಸಾಲಾಗಿ,
ಒಬ್ಬೊಬ್ಬರ ತಲಿ ಮ್ಯಾಲೂ
ಒಂದೊಂದು ಗಂಟು.