ಎರಡನೇ ಹಲಗಿ

ಶ್ರಾವಣಕ್ಕ ಇನ್ನೂ ಎಂಟು ದಿನ ಇತ್ತು.
ಗದಗದ ಗೋದಾಮಿನಿಂದ ಕಂಪನಿ ಹುಡುಗ ಮೈಲಾರಿ ಬಂದ,
ಹೆಗಲಿಗೆ ಚೀಲ, ಕೈಯಾಗ ದರ್ಜಿ ಟೇಪು.
ಅಕ್ಕಾರ, ಈ ತುದಿ ಹಿಡೀರಿ ಅಂದ.
ನೆಲದಿಂದ ಅಳದು ಹಲಗಿ ಮ್ಯಾಲ ಬೆರಳಿಟ್ಟ:
ಮೂರು ಫೂಟು. ಇದು ನಮ್ಮ ಜಾಗಾ.

ಮಂದಿ ಕುಪ್ಪಸಕ್ಕ ಅಳತಿ ತಗೋತಾರ.
ಇವ ತಗೊಂಡಿದ್ದು ಆರು ವರ್ಷದ ಕಣ್ಣಿಂದು.

ಅಲ್ಲಿದ್ದ ಶೇಂಗಾ ಚಿಕ್ಕಿ ಬರಣಿ ಮ್ಯಾಲಕ್ಕ ಹೋತು,
ಊದಿನಕಡ್ಡಿ ಕರ್ಪೂರದ ಬಾಜೂಕ.
ಬೆಲ್ಲದ ಪೆಂಟಿ ಒಳಗ, ಅಕ್ಕಿ ಚೀಲದ ಹಿಂದ.
ಎರಡನೇ ಹಲಗಿ ತುಂಬ ಹಳದಿ ಪಾಕೀಟು:
ಪಂಚಮಿ ಧಮಾಕಾ.
ಅದರ ಮ್ಯಾಲೊಬ್ಬ ನೀಲಿ ನಾಗಪ್ಪ,
ಕಪ್ಪು ಚಷ್ಮಾ ಹಾಕ್ಕೊಂಡು ಜೋಕಾಲಿ ಜೀಕತಾನ.
ಹೆಸರು ಬುಸ್ಸಣ್ಣ.
ಒಳಗ ಉಂಡಿ ಆಕಾರದ್ದು ನಾಕು, ಸ್ಟಿಕರ್ ಒಂದು.
ಆರು ಸ್ಟಿಕರ್ ಕೂಡಿದ್ರ ಬುಸ್ಸಣ್ಣನ ವಾಚು.

ನನ್ನ ಪಾಲು ಪಾಕೀಟಿಗೆ ಎಪ್ಪತ್ತು ಪೈಸಾ.
ಇಪ್ಪತ್ತು ಪೆಟಗಿ ಖರ್ಚಾದ್ರ ಮಿಕ್ಸರ್ ಒಂದು.
ಸುಳ್ಳ ಯಾಕ ಹೇಳ್ಲಿ, ಮಿಕ್ಸರ್ ಮ್ಯಾಲ ಕಣ್ಣಿತ್ತು.
ನನ್ನ ಹಲಗಿ ಎಷ್ಟು ಎತ್ತರದಾಗೈತಿ
ಅನ್ನೂದೂ ಮೈಲಾರಿಗೆ ಗೊತ್ತಿತ್ತು.

ಸಾಲಿ ಬಿಟ್ಟ ಕೂಡ್ಲೆ ಬರತಾವ ಬೆಟಗೇರಿ ಹಟಗಾರ ಓಣಿ ಹುಡುಗರು.
ಮಗ್ಗದ ಸಪ್ಪಳದಾಗ ಬೆಳದಾವು, ಒದರೇ ಮಾತಾಡತಾವ:
ಅಕ್ಕಾ ಬುಸ್ಸಣ್ಣ! ಅಕ್ಕಾ ಬುಸ್ಸಣ್ಣ!
ರಾಚಪ್ಪನ ಮಗ ಮೂರು ದಿನ ಹತ್ತರ ನೋಟು ತಂದ.
ನಾಕನೇ ದಿನ ರೇಷ್ಮಿ ಕಂಡಿಕಿ ಒಂದು
ಕಟ್ಟಿ ಮ್ಯಾಲಿಟ್ಟು ಕೇಳಿದ:
ಇದಕ್ಕ ಎಷ್ಟು ಬರತಾವ?
ತಿರುಗಿ ಒಯ್ಯಿ ಅಂದೆ. ಬೈದೆ ಸೈತ.
ಸ್ಟಿಕರ್ ಐದಾಗಿದ್ದುವು ಪಾಪ.
ಒಂದು ಪಾಕೀಟು ಕೊಟ್ಟು
ಅವರಪ್ಪನ ಹೆಸರಿಲೆ ಉದ್ರಿ ಬರಕೊಂಡೆ.

ಒಂದ್ ರಾತ್ರಿ ಚಾಳೀಸ ಹಾಕ್ಕೊಂಡು
ಪಾಕೀಟಿನ ಬೆನ್ನು ಓದಿದೆ.
ಸಕ್ಕರಿ. ತಾಳೆಣ್ಣಿ. ಮತ್ತ ಸಕ್ಕರಿ, ಬ್ಯಾರೆ ಹೆಸರಿನಾಗ.
ಬಣ್ಣಕ್ಕ ಹೆಸರಿಲ್ಲ, ನಂಬರ್ ಐತಿ,
ಜೇಲಿನಾಗ ಇರತಾರಲ್ಲ, ಹಂಗ.
ಶೇಂಗಾ ಎಲ್ಲಿ ಅಂತ ಹುಡುಕಿದೆ.
ಕಡೀ ಸಾಲಿನಾಗ, ಇರುವಿ ಅಕ್ಷರದಾಗ, ಸಿಕ್ಕಿತು:
ಶೇಂಗಾದ ಅಂಶ ಇರಬಹುದು.
ಅದೂ ಎಚ್ಚರಿಕಿ ಮಾತು.

ರೊಟ್ಟಿ ಪಂಚಮಿ ಮುಂಜಾನಿ ಮಿಕ್ಸರ್ ಬಂತು.
ಹುರದ ಶೇಂಗಾ ಅದರಾಗ ಹಾಕಿದೆ.
ಅತ್ತಿ ಒರಳಿನಾಗ ಕುಟ್ಟಿದ್ರ ತರಿ ತರಿ ಉಳೀತಿತ್ತು,
ಇದು ಕಣ್ಣು ಪಿಳಕಸೂದ್ರಾಗ ಹಿಟ್ಟು ಮಾಡಿತು.
ಬೆಲ್ಲದ ಪಾಕ ಮಾತ್ರ ಅಂಗೈ ಸುಟ್ಟಿತು, ಮೊದಲಿನಂಗ.
ಮಗಳು ಪ್ರತೀಕ್ಷಾ ಬಿಸಿ ಉಂಡಿ ತಗೊಂಡು ಎರಡು ಹೋಳು ಮಾಡಿದಳು.
ಒಳಗ ನೋಡಿದಳು.
ಇನ್ನೊಂದು ಮುರದಳು.
ಏನ್ ಹುಡುಕ್ತೀಯವಾ?
ಏನಿಲ್ಲ ಅಂದಳು, ಹೋಳು ಬುಟ್ಟಿಗೆ ಹಾಕಿ.

ಮರುದಿನ ನಾಗಪ್ಪಗ ಹಾಲೆರದ್ವಿ.
ಕೊಬ್ಬರಿ ಬಟ್ಟಲು ಮಗಳ ಕೈಯಾಗ.
ದೇವರ ಪಾಲು ಅಂದಳು, ಅತ್ತಿ ಕಲಿಸಿದಂಗ.
ಅಜ್ಜನ ಪಾಲು. ಅಪ್ಪನ ಪಾಲು. ಅವ್ವನ ಪಾಲು.
ತಮ್ಮನ ಪಾಲು.
ತುಸು ತಡದು, ದನಿ ಸಣ್ಣ ಮಾಡಿ:
ಬುಸ್ಸಣ್ಣನ ಪಾಲು.

ಅತ್ತಿ ನಕ್ಕರು. ಬಾಜೂ ಮನಿಯವರು ನಕ್ಕರು.
ನಾನೂ ನಕ್ಕೆ, ಎಪ್ಪತ್ತು ಪೈಸಾದಷ್ಟು.
ಹಾಲು ಮಣ್ಣಾಗ ಇಂಗಿತು,
ಯಾರ ಪಾಲು ಯಾವುದು ಅಂತ ಅದು ಕೇಳಲಿಲ್ಲ.

ರಾತ್ರಿ ಶಟರ್ ಅರ್ಧಾ ಇಳಿಸಿ
ನೆಲಕ್ಕ ಮೊಣಕಾಲೂರಿದೆ. ಇನ್ನಷ್ಟು ಕುಗ್ಗಿದೆ,
ಕಣ್ಣು ಮೂರು ಫೂಟಿಗೆ ಇಳಿಯೂತನಕ.
ಹಳದಿ ಅಂದ್ರ ಹಳದಿ.
ಅಷ್ಟೂ ಮಂದಿ ಬುಸ್ಸಣ್ಣ ಚಷ್ಮಾದೊಳಗಿಂದ
ನನ್ನನ್ನ ನೋಡಿ ನಗತಿದ್ರು.
ತಲಿ ಎತ್ತಿದೆ.
ಮ್ಯಾಲಿನ ಹಲಗಿದು ಹೊಟ್ಟಿ ಅಷ್ಟ ಕಂಡಿತು,
ಒಂದು ಜ್ಯಾಡ, ಒಂದು ಮೊಳಿ.
ಅದರ ಮ್ಯಾಲ ಏನೈತಿ ನನಗ ಗೊತ್ತು.
ನಾನ ಇಟ್ಟದ್ದು.