ನೊರೆಯ ಲೆಕ್ಕ

ಬೆಂಗ್ರೆಯ ಬಾವಿಗೆ ಏಪ್ರಿಲಿನಲ್ಲಿ ಕಡಲು ಬರುತ್ತದೆ,
ಬಾಗಿಲು ತಟ್ಟದೆ, ಮರಳಿನಡಿಯಿಂದ.
ಮೊದಲು ತಿಳಿಯುವುದು ನಾಲಿಗೆಗಲ್ಲ,
ನೆಬೀಸಮ್ಮನ ಅಂಗೈಗೆ.
"ನೊರೆಯೇ ಇಲ್ಲ ಮಾರಾಯ್ತಿ, ನೋಡು,"
ಬೋಟಿನವರ ಬನಿಯನ್ನು ಕಲ್ಲಿಗೆ ಕುಕ್ಕುತ್ತ.
ಡೀಸೆಲ್ಲು, ಬೂತಾಯಿ ಎಣ್ಣೆ, ಹದಿನೈದು ದಿನದ ಬೆವರು.
ಅರ್ಧ ಸೋಪು ಸವೆದಿದೆ; ಬಕೆಟ್ಟಿನ ತುಂಬ
ಒಡೆದ ಹಾಲಿನಂಥ ಬೂದು ಕೆನೆ.

ನಾನು ಓದುತ್ತಿರುವುದೂ ಇದನ್ನೇ.
ಬೆಳಿಗ್ಗೆ ಕಡವಿನ ದೋಣಿ, ಬಂದರಿನಿಂದ ಬಸ್ಸು,
ಸುರತ್ಕಲ್ಲಿನ ಲ್ಯಾಬಿನಲ್ಲಿ ಏಸಿಗೆ ಹೆದರಿ ಶಾಲು.
ಪರದೆಯ ಮೇಲೊಂದು ಪೆಟ್ಟಿಗೆ,
ಸಾಸಿವೆಯ ಅಗಲದ ಲಕ್ಷದಲ್ಲೊಂದು ಪಾಲೂ ಇಲ್ಲ.
ಒಳಗೆ ನೀರಿನ ಅಣು ಮೂವತ್ತು ಸಾವಿರ,
ಸೋಪಿನದು ಅರವತ್ತು.
ತಲೆಗೆ ನೀರು ಬೇಕು, ಬಾಲಕ್ಕೆ ಬೇಡ:
ತಣ್ಣೀರುಬಾವಿಯ ತೆರೆಗೆ ಇಳಿದ ಹೆಂಗಸು
ಪಾದವನ್ನು ಕೊಟ್ಟು
ಸೀರೆಯನ್ನು ಎತ್ತಿ ಹಿಡಿದ ಹಾಗೆ.

ಪೆಟ್ಟಿಗೆಗೆ ಗೋಡೆಯಿಲ್ಲ. ಬಲಕ್ಕೆ ಹೊರಟದ್ದು
ಆ ಗಳಿಗೆಗೇ ಎಡದಿಂದ ಒಳಬರುತ್ತದೆ,
ಹತ್ತೂವರೆಯ ದೋಣಿಗೆ ಹೋದ ಮುಖಗಳೇ
ಹನ್ನೊಂದರ ದೋಣಿಯಿಂದ ಇಳಿದಂತೆ.

ರಾತ್ರಿಯಿಡೀ ಯಂತ್ರ ಬೆವರಿದರೆ
ಅದರೊಳಗೆ ಕಳೆಯುವುದು ಐವತ್ತು ನ್ಯಾನೊಸೆಕೆಂಡು.
ನೆಬೀಸಮ್ಮ ಬಟ್ಟೆ ಎತ್ತಿ ಕಲ್ಲಿಗೆ ಹಾಕುವ ಅರ್ಧ ಸೆಕೆಂಡಿಗೆ
ಇಪ್ಪತ್ತೇಳು ಸಾವಿರ ವರ್ಷ.
ಲೆಕ್ಕ ಹಾಕಿದ್ದೇನೆ. ಎರಡು ಸಲ.

ಸಿಹಿನೀರಿನಲ್ಲಿ ಮೊದಲು ಒಂಟಿ ಅಲೆದಾಟ.
ಎರಡು ಸೇರಿ ಬಿಡುತ್ತವೆ, ಮೂರು ಸೇರಿ ಬಿಡುತ್ತವೆ.
ಆಮೇಲೆ ಯಾವಾಗಲೋ, ನಾನು ಚಾ ಕುಡಿದು ಬರುವಷ್ಟರಲ್ಲಿ,
ಬಾಲಗಳನ್ನೆಲ್ಲ ಒಳಗೆ ಮುಚ್ಚಿ, ತಲೆ ಹೊರಗಿಟ್ಟು
ಉಂಡೆ ಕಟ್ಟಿ ಕೂತಿದ್ದವು.
ಕಿಣಿ ಸರ್ ಕನ್ನಡಕ ಎತ್ತಿ ನೋಡಿದರು.
"ಚೆಂದ ಉಂಟು. ಕವರಿಗೆ ಹಾಕುವ."

ಚೆಂದ ಉಂಟು, ಸರ್. ಆದರೆ ಬೆಂಗ್ರೆಯದಲ್ಲ.

ಬಾವಿಯ ನೀರನ್ನು ಬಾಟಲಿಯಲ್ಲಿ ಒಯ್ದು ಅಳೆಸಿದೆ.
ಮೂವತ್ತು ಕ್ಯಾಲ್ಸಿಯಂ ಬಿಟ್ಟೆ ಪೆಟ್ಟಿಗೆಗೆ.
ಒಂದೊಂದೂ ಎರಡೆರಡು ತಲೆ ಹಿಡಿದು ಕೂತಿತು;
ಬಿಡಲಿಲ್ಲ. ಉಂಡೆಗಳು ಚಪ್ಪಟೆಯಾದವು,
ಒಂದಕ್ಕೊಂದು ಅಂಟಿ ಹಲ್ಲೆಯಾದವು.
ಅದೇ ಬೂದು ಕೆನೆ
ಹಸಿರು ಕೆಂಪು ಮಣಿಗಳಲ್ಲಿ.

ಮೊಬೈಲಿನಲ್ಲಿ ತಂದು ತೋರಿಸಿದೆ.
ಒದ್ದೆ ಕೈಯನ್ನು ದೂರ ಹಿಡಿದು, ಕತ್ತು ಮಾತ್ರ ಚಾಚಿ
ನೆಬೀಸಮ್ಮ ಕೊನೆಯ ತನಕ ನೋಡಿದಳು.
"ಇಷ್ಟು ನಿಧಾನ ಒಗೆದರೆ ಬೋಟು ಹೊರಟು ಹೋಗ್ತದೆ."
ಆಮೇಲೆ ಒಳಗೆ ಹೋಗಿ ಒಂದು ಡಬ್ಬ ತಂದಳು,
ನೆನೆಸಿಟ್ಟ ಅಂಟುವಾಳ.
ಅದೇ ನೀರು, ಅದೇ ಬನಿಯನ್ನು.
ಮೊಣಕೈಯವರೆಗೆ ನೊರೆ.
"ಇದಕ್ಕೆ ಉಪ್ಪಿನ ಹೆದರಿಕೆ ಇಲ್ಲ.
ನಿನ್ನ ಪೆಟ್ಟಿಗೆಯಲ್ಲಿ ಇದು ಉಂಟಾ?"

ಇಲ್ಲ.
ನನ್ನ ಯಂತ್ರ ಅದನ್ನು ಕಂಡೇ ಇಲ್ಲ.
ಐದು ಬಳೆ ಬೆಸೆದ ಬೆನ್ನು, ತುದಿಗೆ ಸಕ್ಕರೆಯ ಸರ;
ಕ್ಯಾಲ್ಸಿಯಂಗೆ ಹಿಡಿಯಲು
ಅಲ್ಲಿ ಜುಟ್ಟು ಸಿಗುವುದಿಲ್ಲವೇನೋ. ಗೊತ್ತಿಲ್ಲ.
ಪ್ರತಿ ಕೋನ ಎಷ್ಟು ಬಾಗೀತು, ಪ್ರತಿ ಕೊಂಡಿ ಎಷ್ಟು ಬಿಗಿ
ಎಲ್ಲವನ್ನೂ ನಾನೇ ಬರೆದು ಕೊಡಬೇಕು.
ಕಡಿಮೆಯೆಂದರೆ ಒಂದು ಮಳೆಗಾಲ.
ಅಷ್ಟರಲ್ಲಿ ಬಾವಿ ಮತ್ತೆ ಸಿಹಿಯಾಗಿರುತ್ತದೆ,
ಪ್ರಶ್ನೆಯೇ ಇಲ್ಲದ ಹಾಗೆ.

ಮರುದಿನ ಗೇಟಿನಲ್ಲಿ ಚೀಲ ಗಲಗಲ ಎಂದಿತು.
ಸೆಕ್ಯುರಿಟಿಯವ ತಡೆದ, "ಎಂಥ ಅದು?"
ಅವನ ಅಂಗೈಗೆ ಎರಡು ಕಾಯಿ ಹಾಕಿದೆ.
ಮೂಸಿ ನೋಡಿದ.
"ಓ," ಅಂದ, "ನನ್ನ ಅಜ್ಜಿಯ ತಲೆ."