ಸುಮಾರು

ನಸುಕಿನ ಐದಕ್ಕೆ ನಯಾ ಕಮಾನಿನ ಎದುರು ಕ್ರೂಸರ್.
ಡ್ರೈವರ್ ಬಿಟ್ಟು ಹನ್ನೊಂದು ಜನ, ಮೂರು ದುರ್ಬೀನು,
ಸ್ಟೀಲ್ ಡಬ್ಬಿ ತುಂಬ ಸುಸಲಾ,
ಟ್ರ್ಯಾಕ್ಟರ್ ಸಾಮಾನಿನ ಅಂಗಡಿಯ ಗುರುಬಕ್ಷ ಸಿಂಗರ ತೊಡೆಯ ಮೇಲೆ
ಹಸುಗೂಸಿನ ಹಾಗೆ ಟವೆಲು ಸುತ್ತಿದ ಟೆಲಿಸ್ಕೋಪು.

‘ಎಣಿಸೋದು ರಾಹೇಲ್ ಮೇಡಂ’ ಎಂದಳು ಮುಬೀನಾ,
ಬಿ.ಎಸ್ಸಿ. ಎರಡನೇ ವರ್ಷ, ನಮಗೆಲ್ಲ ಗುರು.
ಯಾರೂ ತಕರಾರು ತೆಗೆಯಲಿಲ್ಲ.
ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ
ಗಾಜಿಗೆ ಸವರಿದ ರಕ್ತದೊಳಗೆ
ಬಿಳಿ ಕಣ ನೂರು ಹುಡುಕಿ, ಜಾತಿವಾರು ವಿಂಗಡಿಸಿ
ಸಹಿ ಹಾಕಿದವಳು ನಾನು.

ಫೆಬ್ರವರಿಯ ಕಾರಂಜಾ. ನೀರು ಹಿಂದೆ ಸರಿದಲ್ಲೆಲ್ಲ ಕಡಲೆ,
ಕಡಲೆಯಾಚೆ ಕೆಸರು.
ಕೆಸರೇ ಎದ್ದು ಓಡಾಡುತ್ತಿದೆ ಅನ್ನಿಸಿತು ಮೊದಲು;
ಆಮೇಲೆ ಕಾಲುಗಳು ಕಂಡವು.
ಮೆಟ್ಟುಗಾಲು ಹಕ್ಕಿ, ಪಟ್ಟೆ ಗೊರವ,
ಹೆಸರು ಹೇಳುವಷ್ಟರಲ್ಲಿ ಜಾಗ ಬದಲಿಸುವ ಉಲ್ಲಂಕಿ.

‘ನಮ್ಮ ಮೈಲಾರದಾಗ ವಗ್ಗ್ಯಾ ಅಂತೀವಿ,
ಕೆಳಗಿನ ಸೀಮಿಯಾಗ ಗೊರವಪ್ಪ’ ಎಂದರು ಮಾಣಿಕಪ್ಪ ಮಾಸ್ತರರು,
‘ಕಂಬಳಿ ಹೊದ್ದು ಭಿಕ್ಷಾ ಬೇಡಾವ್ರು.
ಯಾವ ಪುಣ್ಯಾತ್ಮ ಈ ಹಕ್ಕಿಗೂ ಅದೇ ಹೆಸರು ಇಟ್ಟನೋ!
ನೋಡ್ರಿ, ಕೆಸರು ನೀಡಿದ್ದೇ ಪ್ರಸಾದ.’

ಉಲ್ಲಂಕಿಯ ತೂಕ ಮೂವತ್ತು ಗ್ರಾಂ ಇದ್ದೀತು, ಅಷ್ಟೇ.
ಹತ್ತು ರೂಪಾಯಿಯ ನಾಲ್ಕು ನಾಣ್ಯ,
ನಮ್ಮೂರ ಯಾವ ಅಂಗಡಿಯಲ್ಲೂ ನಡೆಯದ ನಾಣ್ಯ.
ಅದು ಸೈಬೀರಿಯಾದಿಂದ ಇಲ್ಲಿವರೆಗೆ ನಡೆದಿದೆ.

ಹೆಬ್ಬೆರಳಿಗೆ ಎಣಿಕೆ ಯಂತ್ರ. ಟಿಕ್. ಟಿಕ್.
ಎಡದಿಂದ ಬಲಕ್ಕೆ, ಅಂಚು ಬಿಡದೆ,
ಸ್ಲೈಡ್ ಸರಿಸಿದ ಹಾಗೆ ಟೆಲಿಸ್ಕೋಪು ಸರಿಸುತ್ತ
ಮುನ್ನೂರ ನಲವತ್ತೊಂದರಲ್ಲಿದ್ದೆ.

ಜೌಗು ಸೆಳೆವ ಬಂತು.
ರೆಕ್ಕೆಯನ್ನೇನೂ ಬಡಿಯಲಿಲ್ಲ, ನೆರಳು ಬಿಟ್ಟಿತು, ಅಷ್ಟಕ್ಕೇ
ಇಡೀ ದಂಡೆ ಎದ್ದಿತು.
ಒಂದು ಮಗ್ಗುಲಿಗೆ ಮಣ್ಣು, ತಿರುಗಿದರೆ ಬೆಳ್ಳಿ,
ಮತ್ತೆ ಮಣ್ಣು, ಮತ್ತೆ
ಏನೂ ಇಲ್ಲ, ಬರೀ ಆಕಾಶ, ಮತ್ತೆ ಬೆಳ್ಳಿ.
ಸಿಂಗರು ‘ವಾಹೆಗುರು’ ಎಂದದ್ದು ಕೇಳಿಸಿತು.
ನನ್ನ ಹೆಬ್ಬೆರಳು ಮಾತ್ರ ಒತ್ತುತ್ತಲೇ ಇತ್ತು.

‘ಸುಮಾರು ಆರುನೂರು ಅಂತ ಬರೀರಿ ಮೇಡಂ.’

ಡೆಂಗಿಯ ವರ್ಷ ಒಂದು ಮಗುವಿನ ಪ್ಲೇಟ್‌ಲೆಟ್
ಎರಡು ಸಲ ಎಣಿಸಿದ್ದೆ, ಎರಡು ಉತ್ತರ.
ಮೂರನೇ ಸಲ ಕೂತಾಗ ಬಾಗಿಲಲ್ಲಿ ಅದರ ಅಪ್ಪ
ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.
ಅವನಿಗೆ ಹೇಗೆ ಕೊಡಲಿ ಸುಮಾರು?
(ಹುಡುಗ ಇದ್ದಾನೆ. ಗುಂಪಾ ರಸ್ತೆಯಲ್ಲಿ
ಎರಡೂ ಕೈ ಬಿಟ್ಟು ಸೈಕಲ್ ಹೊಡೆಯುತ್ತಾನೆ, ಕತ್ತೆ.)

ಕಡಲೆ ಕೀಳುತ್ತಿದ್ದ ಹೆಂಗಸು ಸೊಂಟ ನೆಟ್ಟಗೆ ಮಾಡಿದಳು.
‘ಏನ್ ಎಣಸ್ಲತ್ತೀರಿ ಅಕ್ಕಾ?’
ಹೆಸರು ತುಳಜಮ್ಮ. ಹಕ್ಕಿ ಎಂದೆ.
‘ಇವು ಬಂದ್ರ ಬಿತ್ತತೀವಿ, ಇವು ಹೋಗೂದ್ರಾಗ ಕೀಳ್ತೀವಿ.
ಎಣಸೂದು ನಮಗ ಗೊತ್ತಾಗಿಲ್ಲ ನೋಡ್ರಿ.’
ಗಿಡದ ಸಮೇತ ಒಂದು ಕಟ್ಟು ಕಡಲೆ ಮಡಿಲಿಗೆ ಹಾಕಿದಳು.
ಹುಳಿ ಹತ್ತಿದ ಬೆರಳಿನಲ್ಲೇ ಪೆನ್ನು ಹಿಡಿದೆ.
ಬರೆದು, ಹೊಡೆದು, ಮತ್ತೆ ಬರೆದೆ: ಸುಮಾರು.
ಅಕ್ಷರ ಹೊಸದಾಗಿ ಕಲಿತವರ ಹಾಗೆ ಸೊಟ್ಟಗೆ ಬಂತು.

ಹೊರಡುವಾಗ ಸಿಂಗರು ಗಾಡಿಯೊಳಗೆ ತಲೆ ಎಣಿಸಿದರು. ಹತ್ತು.
ಮುಬೀನಾ ಎಣಿಸಿದಳು. ಹತ್ತು.
ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು.

ಅಲ್ಲಿ, ನೀರೊಳಗೆ ಇಳಿದುಹೋಗುವ ಹಳೇ ಡಾಂಬರು ರಸ್ತೆಯ ಕೊನೆಗೆ,
‘ಭಾಲ್ಕಿ’ ಎಂಬುದಷ್ಟೇ ಉಳಿದ ಮೈಲಿಗಲ್ಲಿಗೆ ಕೈ ಊರಿ
ಬೂಟಿನ ಕೆಸರು ಕೆರೆಯುತ್ತ
ಒಂಟಿಗಾಲಲ್ಲಿ ನಿಂತಿದ್ದರು ಮಾಸ್ತರರು.
ಹತ್ತು ಮಾರು ಆಚೆ ಒಂದು ಗೊರವ, ಅದೂ ಹಾಗೇ.

ಡ್ರೈವರ್ ಹಾರ್ನ್‌ಗೆ ಕೈ ಹಾಕಿದ.
ತಡಿ ಎಂದೆ.